ವೈಜಾಗ್ ಬೀಚಿಗೆ ಮರಳು ಎಲ್ಲಿಂದ ಬರತ್ತೆ? ಒನ್ ಟೌನ್ ಎಂಬ ಹಳೆ ಊರಿನ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ಕ್ಯಾಮೆರಾ ಮುಂದೆ ತಡವರಿಸಿದ್ದನ್ನ ತೆಗೆದಿದ್ದೀನಿ, ಸಮಯ ಸಾಲದೆ ಬಿಟ್ಟದ್ದನ್ನ ಸೇರಿಸಿದ್ದೀನಿ.

ಇತ್ತೀಚೆಗೆ ನನಗೆ ಬರೋ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಕಂಪನಿಯಲ್ಲಿ ವೈಜಾಗ್ ಆಪ್ಷನ್ ಕೊಡ್ತಿದ್ದಾರೆ, ಬರಬಹುದಾ? ಸೀ ವ್ಯೂ ಫ್ಲಾಟ್ ನೋಡ್ತಿದ್ದೀವಿ, ತಗೋಬಹುದಾ?" ಕೇಳೋದು ಸಹಜ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಇಲ್ಲಿ ಆಫೀಸ್ ತೆರೀತು. 2025ರಲ್ಲಿ ಟಿಸಿಎಸ್‌ಗೆ ಋಷಿಕೊಂಡದಲ್ಲಿ 21 ಎಕರೆಯಷ್ಟು ಜಾಗ 99 ಪೈಸೆಗೆ ಅಂತ ಸುದ್ದಿ ಬಂತು, ಅದರ ಬೆನ್ನಿಗೇ ಗೂಗಲ್ ಡೇಟಾ ಸೆಂಟರ್. ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಈಗ ಕನ್ನಡ ಕೇಳಿಸತ್ತೆ. ಎರಡು ವರ್ಷದ ಹಿಂದೆ ನಾವು ಬಂದಾಗ ಹೀಗಿರಲಿಲ್ಲ.

ಫ್ಲಾಟ್ ಪ್ರಶ್ನೆಗೆ ಕೊನೆಗೆ ಬರ್ತೀನಿ. ಅದಕ್ಕೆ ಮೊದಲು ಊರಿನ ಇನ್ನೊಂದು ತುದಿಗೆ ಹೋಗಬೇಕು. ನಾವು ಐಟಿಯವರು ಇರೋದು ಊರಿನ ಉತ್ತರ ತುದಿಯಲ್ಲಿ. ಊರು ಹುಟ್ಟಿದ್ದು ದಕ್ಷಿಣ ತುದಿಯಲ್ಲಿ, ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ಮಧ್ಯದಲ್ಲಿ ಉದ್ದಕ್ಕೂ ಸಮುದ್ರ. ಆ ದಕ್ಷಿಣ ತುದಿಯ ಹೆಸರು ಒನ್ ಟೌನ್. ನಮ್ಮಲ್ಲಿ ಬಹಳ ಜನ ಅದನ್ನ ನೋಡೇ ಇಲ್ಲ. ನಾನೂ ಮೊದಲ ಒಂದು ವರ್ಷ ನೋಡಿರಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ವೈಜಾಗ್‌ಗೆ ಬರೋ ಮುಂಚೆ ಕೆಲವು ತಿಂಗಳು ವಿಜಯವಾಡದಲ್ಲಿದ್ದೆ. ಅಲ್ಲೂ ಒಂದು ಒನ್ ಟೌನ್ ಇದೆ. ಇಂದ್ರಕೀಲಾದ್ರಿಯ ಕೆಳಗೆ, ರೈಲು ಹಳಿಯ ಪಶ್ಚಿಮಕ್ಕೆ ಇರೋ ಹಳೆ ಬೆಜವಾಡ. ಕಾಳೇಶ್ವರರಾವ್ ಮಾರ್ಕೆಟ್ ಇರೋದು ಅಲ್ಲೇ. ಒನ್ ಟೌನ್ ಅನ್ನೋದು ಪೊಲೀಸ್ ಸ್ಟೇಷನ್ ಲೆಕ್ಕದಲ್ಲಿ ಬಂದ ಹೆಸರು. ಮೊದಲ ಠಾಣೆ ಇದ್ದ ಜಾಗ ಒನ್ ಟೌನ್, ಆಮೇಲೆ ಬೆಳೆದದ್ದು ಟೂ ಟೌನ್, ಹೀಗೆ. ನಮ್ಮ ಬಳ್ಳಾರಿ, ರಾಯಚೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಅಂದ್ರೆ ಹೆಸರೇ ಹೇಳತ್ತೆ, ಊರು ಅಂತ ಎಣಿಸೋಕೆ ಶುರು ಮಾಡಿದ್ದು ಇಲ್ಲಿಂದ ಅಂತ.

ಆದರೆ ಎರಡು ಒನ್ ಟೌನ್‌ಗಳ ಸ್ಥಿತಿ ಬೇರೆ ಬೇರೆ. ವಿಜಯವಾಡದ್ದು ಇವತ್ತೂ ಹೋಲ್‌ಸೇಲ್ ವ್ಯಾಪಾರದ ಗಲಾಟೆಯಲ್ಲಿ ಉಸಿರಾಡೋಕೆ ಜಾಗ ಇಲ್ಲದ ಹಾಗಿದೆ. ಕಾರಣ ಸುಲಭ. ಕೃಷ್ಣಾ ನದಿ, 1850ರ ದಶಕದ ಅಣೆಕಟ್ಟು, ಅದರಿಂದ ಹೊರಟ ಕಾಲುವೆಗಳು, ಆಮೇಲೆ ರೈಲು, ಎಲ್ಲ ಸೇರೋ ಜಾಗ ಅದು. ಆ ಕೂಡುದಾರಿ ಎಲ್ಲಿಗೂ ಹೋಗಿಲ್ಲ. ವೈಜಾಗ್‌ನ ಒನ್ ಟೌನ್‌ಗೆ ಇದ್ದದ್ದು ಸಮುದ್ರದ ಕೆಲಸ. ಆ ಕೆಲಸವನ್ನ ಅದರ ಕೈಯಿಂದ ತೆಗೆದು ಬೆನ್ನ ಹಿಂದೆ ಇಟ್ಟರು. ಆ ಭಾಗವೇ ಈ ಕಥೆಯ ಮುಖ್ಯ ತಿರುವು.

ಜಾಗ ಹೇಗಿದೆ ಅಂತ ಮೊದಲು ಕಣ್ಣ ಮುಂದೆ ತಂದುಕೊಳ್ಳಿ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಬಲಗಡೆ, ಅಂದ್ರೆ ದಕ್ಷಿಣಕ್ಕೆ, ಒಂದು ದೊಡ್ಡ ಬೆಟ್ಟ ನೀರಿಗೆ ಮೂಗು ಚಾಚಿದೆ. ಅದೇ ಡಾಲ್ಫಿನ್ಸ್ ನೋಸ್. ಅದರ ಬುಡದಲ್ಲಿ ಕಿರಿದಾದ ನೀರಿನ ದಾರಿ, ಈಗ ಹಡಗು ಒಳಗೆ ಬರೋ ಚಾನೆಲ್. ಚಾನೆಲ್‌ನ ಈಚೆ ದಡದಲ್ಲಿ ಮೂರು ಸಣ್ಣ ಗುಡ್ಡ. ಒಂದರ ಮೇಲೆ ಚರ್ಚ್, ಅದು ರಾಸ್ ಹಿಲ್. ಇನ್ನೊಂದರ ಮೇಲೆ ದರ್ಗಾ. ಮತ್ತೊಂದರ ಮೇಲೆ ವೆಂಕಟೇಶ್ವರ. ಬಂದರಿನ ಬಾಗಿಲಿಗೆ ಮೂವರು ಕಾವಲು. ಹಿಂದೆ ಈ ದಾರಿಯಲ್ಲಿ ಹೋಗೋ ಹಡಗಿನವರು ದರ್ಗಾಕ್ಕೆ ಬಾವುಟ ಇಳಿಸಿ ಏರಿಸಿ ವಂದನೆ ಮಾಡ್ತಿದ್ದರು ಅಂತ ಊರವರು ಹೇಳ್ತಾರೆ. ಈ ಗುಡ್ಡಗಳ ಮಗ್ಗುಲಲ್ಲಿ ಹಬ್ಬಿರೋದೇ ಹಳೆ ಊರು. ಕೋಟವೀಧಿ, ಸೋಲ್ಜರ್‌ಪೇಟ, ವೇಲಂಪೇಟ, ಪೂರ್ಣಾ ಮಾರ್ಕೆಟ್, ಕುರುಪಾಂ ಮಾರ್ಕೆಟ್. ಕೋಟೆ ಬೀದಿ ಉಂಟು, ಕೋಟೆ ಇಲ್ಲ. ಸಿಪಾಯಿಗಳ ಪೇಟೆ ಉಂಟು, ಸಿಪಾಯಿಗಳಿಲ್ಲ.

ಕೋಟೆ ಯಾರದ್ದು? ಈಸ್ಟ್ ಇಂಡಿಯಾ ಕಂಪನಿಯದ್ದು. 1682ರ ಹೊತ್ತಿಗೆ ಅವರು ಇಲ್ಲಿ ಒಂದು ಫ್ಯಾಕ್ಟರಿ ಮಾಡಿದರು. ಫ್ಯಾಕ್ಟರಿ ಅಂದ್ರೆ ಆಗಿನ ಭಾಷೆಯಲ್ಲಿ ಗೋದಾಮು ಮತ್ತು ಆಫೀಸು. ಮುಖ್ಯ ಸರಕು ಬಟ್ಟೆ. ಇದೇ ಕರಾವಳಿಯಲ್ಲಿ ಮೇಲಕ್ಕೆ ಹೋದರೆ ಭೀಮುನಿಪಟ್ಟಣದಲ್ಲಿ ಡಚ್ಚರು ಕೂತಿದ್ದರು. ನಮ್ಮ ವೀಕೆಂಡ್ ಡ್ರೈವ್‌ನ ಭೀಮಿಲಿ ಅದೇ. ಹಡಗು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕೋದು, ಹಲಗೆಗಳನ್ನ ಹಗ್ಗದಲ್ಲಿ ಹೊಲಿದ ಮಸೂಲ ದೋಣಿಗಳಲ್ಲಿ ಸರಕೂ ಜನರೂ ಅಲೆ ದಾಟಿ ಬರೋದು. ದೋಣಿ ನಡೆಸೋದು ಇಲ್ಲಿನ ಮೀನುಗಾರರು. ಅವರಿಲ್ಲದೆ ಕಂಪನಿಯ ಒಂದು ಗಂಟೂ ಹಡಗು ಸೇರುತ್ತಿರಲಿಲ್ಲ.

ಈಗ ನಮ್ಮವರಿಗೆ ಸಂಬಂಧಪಟ್ಟ ಒಂದು ಘಟನೆ. 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನ ಹತ್ತಿರ ಹೈದರ್ ಮತ್ತು ಟಿಪ್ಪು ಸೈನ್ಯ ಇಂಗ್ಲಿಷರನ್ನ ನುಚ್ಚುನೂರು ಮಾಡಿತು. ಶಾಲೆಯಲ್ಲಿ ಓದಿದ್ದೀವಿ. ಶಾಲೆಯಲ್ಲಿ ಹೇಳದೇ ಇದ್ದದ್ದು, ಅದರ ಅಲೆ ಇಷ್ಟು ದೂರಕ್ಕೆ ಬಡಿಯಿತು ಅನ್ನೋದು. ಮದ್ರಾಸ್ ಉಳಿಸಿಕೊಳ್ಳೋಕೆ ಜನ ಬೇಕಾಯ್ತು. ವಿಶಾಖಪಟ್ಟಣದ ಸಿಪಾಯಿಗಳಿಗೆ ಹಡಗು ಹತ್ತಿ, ಮದ್ರಾಸಿಗೆ ಹೋಗಿ ಹೈದರ್ ವಿರುದ್ಧ ನಿಲ್ಲಿ ಅಂತ ಆರ್ಡರ್ ಬಂತು. 1780ರ ಅಕ್ಟೋಬರ್ 3ರಂದು, ಹತ್ತೋ ಹೊತ್ತಿಗೆ, ಅವರು ಹತ್ತಲ್ಲ ಅಂದರು. ಅಂದದ್ದಷ್ಟೇ ಅಲ್ಲ, ಬಂದೂಕು ತಿರುಗಿಸಿದರು. ಕೆಲವು ಇಂಗ್ಲಿಷರು ಸತ್ತರು. 1857ಕ್ಕೆ 77 ವರ್ಷ ಮುಂಚೆ! ಹಳೆ ಊರಿನಲ್ಲಿ ಯೂರೋಪಿಯನ್ ಸ್ಮಶಾನ ಈಗಲೂ ಇದೆ. ಅದರ ಮುಂದೆ ನಿಂತಾಗ ನನಗೆ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ನೆನಪಾಯಿತು. ಒಂದೇ ಕಂಪನಿಯ ಎರಡು ಬ್ರಾಂಚ್ ಆಫೀಸ್.

1804ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಅಡ್ಮಿರಲ್ ಲಿನ್ವಾ ತನ್ನ ಹಡಗುಗಳ ಜೊತೆ ಬಂದು ಇಲ್ಲಿ ನಿಂತಿದ್ದ ಇಂಗ್ಲಿಷ್ ಯುದ್ಧನೌಕೆ ಸೆಂಚುರಿಯನ್ ಮೇಲೆ ಬಿದ್ದ. ದೊಡ್ಡ ಗುಂಡಿನ ಕಾಳಗ, ಊರವರೆಲ್ಲ ದಡದಿಂದ ನೋಡಿರಬೇಕು. ಅದಾದ ಮೇಲೆ ಈ ಸಮುದ್ರ ತುಂಬ ಕಾಲ ತಣ್ಣಗಾಯಿತು.

ತಣ್ಣಗಾದ ಕಾಲದಲ್ಲಿ ಸಾಹೇಬರು ಮಾಡಿದ್ದು, ಊರು ಬಿಟ್ಟು ಹೋದದ್ದು. ಹಳೆ ಊರಿನ ಬೆನ್ನಿಗೆ ಉಪ್ಪುನೀರಿನ ಜೌಗು ಇತ್ತು. ಭರತ ಬಂದಾಗ ತುಂಬಿ, ಇಳಿತದಲ್ಲಿ ಕೆಸರಾಗೋ ಜಾಗ. ಜ್ವರದ ಭಯ. ಹಾಗಾಗಿ ಉತ್ತರಕ್ಕೆ, ಎತ್ತರದ ಕೆಂಪು ಮಣ್ಣಿನ ದಿಬ್ಬಕ್ಕೆ, ವಾಲ್ತೇರು ಅನ್ನೋ ಹಳ್ಳಿಯ ಕಡೆಗೆ ಬಂಗಲೆಗಳು ಹೋದವು. ಅವರ ಬಾಯಲ್ಲಿ ಅದು ವಾಲ್ಟೇರ್. ಬೆಂಗಳೂರಿನವರಿಗೆ ಇದನ್ನ ಒಂದೇ ಸಾಲಲ್ಲಿ ಹೇಳಬಹುದು: ಒನ್ ಟೌನ್ ಅಂದ್ರೆ ಪೇಟೆ, ವಾಲ್ಟೇರ್ ಅಂದ್ರೆ ಕಂಟೋನ್ಮೆಂಟ್. ಚಿಕ್ಕಪೇಟೆಗೂ ಎಂ.ಜಿ. ರೋಡಿಗೂ ಇದ್ದ ದೂರ ಇಲ್ಲೂ ಇತ್ತು. 1890ರ ದಶಕದಲ್ಲಿ ಬೆಜವಾಡದಿಂದ ಕಟಕ್ ಕಡೆಗೆ ರೈಲು ಬಂದಾಗ ಸ್ಟೇಷನ್ ಹೆಸರು ಏನಾಯ್ತು ಗೊತ್ತಾ? ವಾಲ್ಟೇರ್. ಊರಿನ ಹೆಸರಲ್ಲ, ಬಂಗಲೆಗಳ ಹೆಸರು. 1980ರ ದಶಕದವರೆಗೂ ಟಿಕೆಟ್ ಮೇಲೆ ಹಾಗೇ ಇತ್ತು. ರೈಲ್ವೆಯ ವಾಲ್ಟೇರ್ ಡಿವಿಷನ್ ಅನ್ನೋ ಹೆಸರು ಬದಲಿಸೋ ತೀರ್ಮಾನ ಆದದ್ದಂತೂ 2025ರಲ್ಲಿ. ಹಳೆ ಕೋಡ್‌ನಲ್ಲಿ ಯಾರೋ ಇಟ್ಟ ವೇರಿಯಬಲ್ ಹೆಸರು ಎಷ್ಟು ದಿನ ಬದುಕತ್ತೆ ಅಂತ ನಮಗೆ ಗೊತ್ತಿರೋದೇ.

ಸಾಹೇಬರು ಹೋದ ಮೇಲೆ ಹಳೆ ಊರು ಸಾಯಲಿಲ್ಲ. ನಿಜ ಹೇಳಬೇಕಂದ್ರೆ ಅದರ ಒಳ್ಳೆ ಕಾಲ ಆಮೇಲೇ ಬಂತು. ಸುತ್ತಲಿನ ಜಮೀನ್ದಾರರು ಇಲ್ಲಿ ದುಡ್ಡು ಹಾಕಿದರು. ಬೊಬ್ಬಿಲಿ ರಾಜರ ದುಡ್ಡಲ್ಲಿ ಸಮುದ್ರಕ್ಕೆ ಮುಖ ಮಾಡಿ ಟೌನ್ ಹಾಲ್ ಎದ್ದಿತು. ಕುರುಪಾಂ ರಾಜರ ಹೆಸರಲ್ಲಿ ಮಾರ್ಕೆಟ್ ಬಂತು. ಶಾಲೆ ಕಾಲೇಜು ಬಂದವು. ಅವುಗಳಲ್ಲಿ ಎವಿಎನ್ ಕಾಲೇಜ್ ಮತ್ತು ಸೇಂಟ್ ಅಲೋಷಿಯಸ್ ಶಾಲೆ, ಎರಡೂ ಹೆಸರು ನೆನಪಿಟ್ಟುಕೊಳ್ಳಿ.

1892ರಲ್ಲಿ ಎವಿಎನ್ ಕಾಲೇಜಿಗೆ ಫಿಸಿಕ್ಸ್, ಗಣಿತ ಹೇಳಿಕೊಡೋಕೆ ತಿರುಚಿನಾಪಳ್ಳಿ ಕಡೆಯಿಂದ ಚಂದ್ರಶೇಖರ ಅಯ್ಯರ್ ಅನ್ನೋ ಮೇಷ್ಟ್ರು ಸಂಸಾರ ಸಮೇತ ಬಂದರು. ಮಗನಿಗೆ ಆಗ ನಾಲ್ಕು ವರ್ಷ. ಆ ಹುಡುಗ ಸೇಂಟ್ ಅಲೋಷಿಯಸ್‌ನಲ್ಲಿ ಓದಿ, 11ನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿ, 13ಕ್ಕೆ ಅಪ್ಪನ ಕಾಲೇಜಿನಲ್ಲೇ ಎಫ್.ಎ. ಪಾಸು ಮಾಡಿದ. ಸಿ.ವಿ. ರಾಮನ್. ನಾವು ಬೆಂಗಳೂರಿನವರು ರಾಮನ್ ಅಂದ್ರೆ ಮಲ್ಲೇಶ್ವರ, ಟಾಟಾ ಇನ್ಸ್‌ಟಿಟ್ಯೂಟ್, ಸದಾಶಿವನಗರದ ರಾಮನ್ ಇನ್ಸ್‌ಟಿಟ್ಯೂಟ್ ಅಂತ ನೆನೀತೀವಿ. ಆದರೆ ನಾಲ್ಕರಿಂದ ಹದಿಮೂರು ದಾಟೋವರೆಗೆ, ಅಂದ್ರೆ ಒಬ್ಬ ಮನುಷ್ಯ ಲೋಕವನ್ನ ಕಣ್ಣರಳಿಸಿ ನೋಡೋ ವಯಸ್ಸಲ್ಲಿ, ಆತ ದಿನಾ ನೋಡಿದ್ದು ಈ ಸಮುದ್ರ. ಸಮುದ್ರ ಯಾಕೆ ನೀಲಿ ಅನ್ನೋ ಪ್ರಶ್ನೆ 1921ರಲ್ಲಿ ಮೆಡಿಟರೇನಿಯನ್‌ನಲ್ಲಿ ಹಡಗಿನ ಮೇಲೆ ಹೊಳೀತು ಅಂತ ಪಠ್ಯಪುಸ್ತಕ ಹೇಳತ್ತೆ. ಇರಲಿ. ಒನ್ ಟೌನ್‌ನಲ್ಲಿ ಒಂದು ಬೆಳಿಗ್ಗೆ ಕಳೆದ ಮೇಲೆ, ಹುಡುಗನಿಗೆ ಆ ಪ್ರಶ್ನೆ ಇಲ್ಲೇ ಬಿದ್ದಿರಬಹುದು ಅಂತ ನನಗನಿಸತ್ತೆ. ಇದು ನನ್ನ ಊಹೆ ಅಷ್ಟೇ. ತೆಲುಗಿನ ಮಹಾಕವಿ ಶ್ರೀಶ್ರೀ ಹುಟ್ಟಿದ್ದೂ ಈ ವಿಶಾಖಪಟ್ಟಣದಲ್ಲೇ, 1910ರಲ್ಲಿ.

ವಾಲ್ಟೇರ್ ಕಡೆಯದ್ದೂ ನಮಗೆ ಸೇರಿದ ಕಥೆ ಒಂದಿದೆ. ಆಂಧ್ರ ಯೂನಿವರ್ಸಿಟಿ 1926ರಲ್ಲಿ ಶುರುವಾದದ್ದು ಬೆಜವಾಡದಲ್ಲಿ. ಎಲ್ಲಿರಬೇಕು ಅಂತ ಊರೂರಿಗೆ ಜಗಳ ಆಗಿ, 1930ರಲ್ಲಿ ವಾಲ್ಟೇರಿನ ದಿಬ್ಬಕ್ಕೆ ಬಂತು. ಮೊದಲ ವೈಸ್ ಚಾನ್ಸಲರ್ ಸಿ.ಆರ್. ರೆಡ್ಡಿ. ಚಿತ್ತೂರಿನ ಕಡೆಯವರು, ಆದರೆ ಮೈಸೂರು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನೇ ನಡೆಸಿದವರು. ಎರಡನೆಯವರು ಎಸ್. ರಾಧಾಕೃಷ್ಣನ್, ಅವರೂ ಮಹಾರಾಜ ಕಾಲೇಜಿನ ಹಳೆ ಮೇಷ್ಟ್ರು. ಮೈಸೂರಿನಿಂದ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿ ಎಳೆದರು ಅಂತ ಕಥೆ ಕೇಳಿರ್ತೀರಲ್ಲ, ಅವರೇ. ಬೆಂಗಳೂರಿಂದ ವೈಜಾಗ್‌ಗೆ ಕೆಲಸಕ್ಕೆ ಬಂದ ಮೊದಲ ಬ್ಯಾಚ್ ನಾವು ಅಂತ ಅಂದುಕೊಂಡಿದ್ದರೆ, ಅಲ್ಲ.

ಈಗ ಬಂದರು. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆಗತ್ತೆ.

ನಾನು ಎಂಟೆಕ್ ಮಾಡಿದ್ದು ಸುರತ್ಕಲ್‌ನಲ್ಲಿ, ಕಂಪ್ಯೂಟರ್ ಸೈನ್ಸ್. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಮಾತ್ರ ಮರೈನ್ ಸ್ಟ್ರಕ್ಚರ್ಸ್ ಓದುತ್ತಿದ್ದ. ಸಂಜೆ ಬೀಚಿಗೆ ಹೋದರೆ ನಾವೆಲ್ಲ ಸೂರ್ಯಾಸ್ತ ನೋಡಿದರೆ ಅವನು ಮರಳು ನೋಡ್ತಿದ್ದ. ಅವನು ಕಡ್ಡಿಯಲ್ಲಿ ಗೀಚಿ ಹೇಳಿಕೊಟ್ಟದ್ದನ್ನೇ ಇಲ್ಲಿ ಹೇಳ್ತೀನಿ.

ಅಲೆ ದಡಕ್ಕೆ ನೇರವಾಗಿ ಬಂದು ಬಡಿಯೋದಿಲ್ಲ. ಪೂರ್ವ ಕರಾವಳಿಯಲ್ಲಿ ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಅಲೆ ದಕ್ಷಿಣದ ಕಡೆಯಿಂದ ಓರೆಯಾಗಿ ಬರತ್ತೆ. ಒಂದು ಮರಳಿನ ಕಣವನ್ನ ಓರೆಯಾಗಿ ಮೇಲಕ್ಕೆ ತಳ್ಳತ್ತೆ. ವಾಪಸ್ ಹೋಗುವಾಗ ನೀರು ಇಳಿಜಾರಲ್ಲಿ ನೇರ ಕೆಳಗಿಳಿಯತ್ತೆ. ಮುಂದಿನ ಅಲೆ ಮತ್ತೆ ಓರೆಗೆ. ಹೀಗೆ ಗರಗಸದ ಹಲ್ಲಿನ ಹಾಗೆ ಕಣ ಒಂದೊಂದೇ ಹೆಜ್ಜೆ ಉತ್ತರಕ್ಕೆ ನಡೀತಾ ಹೋಗತ್ತೆ. ಹಿಂಗಾರಿನಲ್ಲಿ ಸ್ವಲ್ಪ ದಿನ ಉಲ್ಟಾ. ಆದರೆ ವರ್ಷದ ಲೆಕ್ಕ ತೆಗೆದರೆ ಲಕ್ಷಗಟ್ಟಲೆ ಘನ ಮೀಟರ್ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗತ್ತೆ. ಬೀಚ್ ಅಂದ್ರೆ ನಿಂತ ಜಾಗ ಅಲ್ಲ, ತುಂಬ ನಿಧಾನ ಹರಿಯೋ ಮರಳಿನ ಹೊಳೆ. ದಕ್ಷಿಣದಿಂದ ಬಂದಷ್ಟು ಉತ್ತರಕ್ಕೆ ಹೋದರೆ ಬೀಚ್ ಹಾಗೇ ಇರತ್ತೆ. ಬರೋದು ನಿಂತರೆ ಹೋಗೋದು ನಿಲ್ಲಲ್ಲ, ಬೀಚ್ ಕರಗತ್ತೆ.

ಈಗ ಒನ್ ಟೌನ್‌ನ ನಕ್ಷೆಗೆ ಬನ್ನಿ. ಡಾಲ್ಫಿನ್ಸ್ ನೋಸ್ ಬೆಟ್ಟ ಮುಂಗಾರಿನ ಅಲೆಗೆ ಅಡ್ಡ ನಿಂತಿದೆ. ಅದರ ಮರೆಯಲ್ಲಿ ಸಣ್ಣ ಬಾಯಿ. ಬಾಯಿಯ ಹಿಂದೆ ಆ ಜ್ವರದ ಜೌಗು. ಕಾಗದದ ಮೇಲೆ ನೋಡಿದರೆ ಬಂದರಿಗೆ ಹೇಳಿ ಮಾಡಿಸಿದ ಜಾಗ: ಜೌಗನ್ನ ಅಗೆದು ಆಳ ಮಾಡು, ಬಾಯಿ ಅಗಲಿಸು, ಹಡಗು ಒಳಗೆ ಬರಲಿ. ಮಧ್ಯಪ್ರಾಂತ್ಯದ ಮ್ಯಾಂಗನೀಸ್ ಅದಿರನ್ನ ಹೊರಗೆ ಕಳಿಸೋಕೆ ಬೆಂಗಾಲ್ ನಾಗಪುರ್ ರೈಲ್ವೆಗೆ ಒಂದು ಬಂದರು ಬೇಕಿತ್ತು. 1914ರಲ್ಲೇ ಕರ್ನಲ್ ಕಾರ್ಟ್‌ರೈಟ್ ರೀಡ್ ಇದೇ ಜಾಗ ಸರಿ ಅಂತ ವರದಿ ಕೊಟ್ಟಿದ್ದ. ಕೆಲಸ ನಡೆದದ್ದು 1920ರ ದಶಕದ ಕೊನೆಯಿಂದ 1933ರವರೆಗೆ.

ತೊಂದರೆ ಅದೇ ಮರಳು. ಬೆಟ್ಟ ಸುತ್ತಿಕೊಂಡು ಬಂದ ಮರಳು ಬಾಯಿಗೆ ಬಂದು ಕೂರತ್ತೆ. ಇವತ್ತು ಅಗೆದರೆ ಮುಂದಿನ ಮುಂಗಾರಿಗೆ ಮುಚ್ಚಿಹೋಗತ್ತೆ. ಎಂಜಿನಿಯರ್ ಡಬ್ಲ್ಯೂ.ಸಿ. ಆಶ್ ಮತ್ತು ಅವರ ತಂಡ ಮಾಡಿದ ಉಪಾಯ ಏನು ಅಂದ್ರೆ, ಜೇನಸ್ ಮತ್ತು ವಿಲ್ಸ್‌ಡನ್ ಅನ್ನೋ ಎರಡು ಹಳೆ ಹಡಗನ್ನ ಬೆಟ್ಟದ ಮೂಗಿನ ಹತ್ತಿರ ತಂದು ಮುಳುಗಿಸಿ, ಕಲ್ಲು ತುಂಬಿಬಿಟ್ಟರು. ಸಮುದ್ರದ ನಡುವೆ ಒಂದು ಗೋಡೆ ಆಯ್ತು. ಗೋಡೆಯ ಮರೆಯಲ್ಲಿ ನೀರು ಶಾಂತ. ಶಾಂತ ನೀರಲ್ಲಿ ಮರಳು ತಳಕ್ಕೆ ಬೀಳತ್ತೆ. ಅಂದ್ರೆ ಮರಳು ಚಾನೆಲ್ ಬಾಯಿಗೆ ಹೋಗೋ ಬದಲು, ನಾವು ಹೇಳಿದ ಜಾಗದಲ್ಲಿ ಬೀಳತ್ತೆ. ಅಲ್ಲಿಂದ ಡ್ರೆಜರ್ ಅದನ್ನ ಎತ್ತಿ, ಚಾನೆಲ್ ದಾಟಿಸಿ, ಉತ್ತರದ ದಡಕ್ಕೆ ಹಾಕಬೇಕು. ಪ್ರಕೃತಿ ಬಿಟ್ಟಿ ಮಾಡ್ತಿದ್ದ ಕೆಲಸವನ್ನ ಇನ್ನು ಮೇಲೆ ಯಂತ್ರ ಮಾಡಬೇಕು, ಪ್ರತಿ ವರ್ಷ, ಬಂದರು ಇರೋವರೆಗೆ.

ಹಡಗು ಮುಳುಗಿಸೋ ಐಡಿಯಾ ನಮ್ಮ ವಿಶ್ವೇಶ್ವರಯ್ಯನವರದ್ದು ಅಂತ ಒಂದು ಫಾರ್ವರ್ಡ್ ಪ್ರತಿ ಎಂಜಿನಿಯರ್ಸ್ ಡೇಗೆ ಬರತ್ತೆ, ವೈಜಾಗ್‌ನವರೂ ಕೆಲವರು ಹಾಗೇ ಹೇಳ್ತಾರೆ. ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವರು ಆಶ್. ಕನ್ನಂಬಾಡಿ ಒಂದೇ ಸಾಕಲ್ಲವಾ ನಮಗೆ, ಪ್ರಪಂಚದ ನೀರೆಲ್ಲ ಅವರ ಖಾತೆಗೇ ಬರಬೇಕಾ?

1933ರ ಅಕ್ಟೋಬರ್ 7ರಂದು ಮೊದಲ ಹಡಗು ಒಳಗೆ ಬಂತು. ಹೆಸರು ಜಲದುರ್ಗ, ಸಿಂಧಿಯಾ ಕಂಪನಿಯದ್ದು. ಡಿಸೆಂಬರ್‌ನಲ್ಲಿ ವೈಸರಾಯ್ ವಿಲ್ಲಿಂಗ್ಡನ್ ಬಂದು ಉದ್ಘಾಟನೆ ಮಾಡಿದ. ಅದೇ ವರ್ಷ ರಾಮನ್ ಬೆಂಗಳೂರಿಗೆ ಬಂದದ್ದು, ಕಾಕತಾಳೀಯ.

ಒನ್ ಟೌನ್ ಪಾಲಿಗೆ ಏನಾಯ್ತು ನೋಡಿ. ಇನ್ನೂರೈವತ್ತು ವರ್ಷ ಹಡಗು ಊರ ಮುಂದೆ ನಿಲ್ಲುತ್ತಿತ್ತು, ಸರಕು ಊರಿನ ಮರಳಿನ ಮೇಲೆ ಇಳೀತಿತ್ತು. ಈಗ ಹಡಗು ಊರಿನ ಕಿವಿಯ ಪಕ್ಕ ಹಾದು, ಬೆನ್ನ ಹಿಂದಿನ ಬಂದರಿಗೆ ಹೋಗಿ, ಅಲ್ಲಿಂದ ನೇರ ರೈಲಿಗೆ. ಮಸೂಲ ದೋಣಿಗೆ ಕೆಲಸ ಇಲ್ಲ. ದಡದ ಗೋದಾಮಿಗೆ ಕೆಲಸ ಇಲ್ಲ. ಸಮುದ್ರ ಮುಂದೆಯೇ ಇದೆ, ಆದರೆ ಸಮುದ್ರದ ಊರು ಅದಲ್ಲ. ಬಂದರಿನಿಂದ ಊರಿಗೆ ಬಂದದ್ದು ಕಲ್ಲಿದ್ದಲು, ಅದಿರಿನ ಪುಡಿ. ಬಟ್ಟೆ ಒಣಗಿಸಿದರೆ ಕಪ್ಪಾಗತ್ತೆ ಅನ್ನೋದು ಒನ್ ಟೌನ್‌ನವರ ಬಹಳ ಹಳೆ ದೂರು.

ಮುಂದಿನ ಕಥೆ ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. 1941ರಲ್ಲಿ ರಾಜೇಂದ್ರ ಪ್ರಸಾದ್ ಶಿಪ್‌ಯಾರ್ಡ್‌ಗೆ ಅಡಿಗಲ್ಲು ಹಾಕಿದರು. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ಬಾಂಬ್ ಹಾಕಿದವು. 1948ರಲ್ಲಿ ನೆಹರು ಇಲ್ಲಿ ಜಲ ಉಷಾ ಹಡಗನ್ನ ನೀರಿಗಿಳಿಸಿದರು. ನೌಕಾಪಡೆ ಬಂತು, ಬೀಚ್ ರೋಡಿನಲ್ಲಿ ನಾವೆಲ್ಲ ಸೆಲ್ಫಿ ತೆಗೆಸಿಕೊಳ್ಳೋ ಕುರ್ಸುರಾ ಸಬ್‌ಮರೀನ್ ಅದರ ಗುರುತು. ಉಕ್ಕಿನ ಕಾರ್ಖಾನೆಗೆ 1966ರಲ್ಲಿ ನಡೆದ ಹೋರಾಟದ ಘೋಷಣೆ ಮಾತ್ರ ಹೇಳಲೇಬೇಕು: ವಿಶಾಖ ಉಕ್ಕು, ಆಂಧ್ರುಲ ಹಕ್ಕು. ಅನುವಾದವೇ ಬೇಡ! 1970ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿ ಸಂಸತ್ತಿನಲ್ಲಿ ಮೂರು ಉಕ್ಕಿನ ಕಾರ್ಖಾನೆ ಒಟ್ಟಿಗೆ ಘೋಷಿಸಿದರು, ವಿಶಾಖಪಟ್ಟಣ, ಸೇಲಂ ಮತ್ತು ನಮ್ಮ ಹೊಸಪೇಟೆ. ಅವರದ್ದು ಬಂತು. ನಮ್ಮದು ಅಡಿಗಲ್ಲಿನಲ್ಲೇ ನಿಂತು, ಕೊನೆಗೆ 1990ರ ದಶಕದಲ್ಲಿ ತೋರಣಗಲ್ಲಿನಲ್ಲಿ ಜಿಂದಾಲ್ ಆಯ್ತು. 1976ರಲ್ಲಿ ಬಂದರಿನ ಹೊರಗೆ ಔಟರ್ ಹಾರ್ಬರ್ ಕಟ್ಟಿದರು, ಇನ್ನೂ ದೊಡ್ಡ ಕಲ್ಲುಗೋಡೆಗಳ ಜೊತೆ. ಮರಳಿನ ದಾರಿಗೆ ಇನ್ನೂ ದೊಡ್ಡ ಅಡ್ಡಗೋಡೆ.

ಅಂದ್ರೆ ಇವತ್ತು ಆರ್.ಕೆ. ಬೀಚ್‌ನಲ್ಲಿ ನಾವು ಮಗುವಿಗೆ ಮರಳಿನ ಗೂಡು ಕಟ್ಟಿಕೊಡ್ತೀವಲ್ಲ, ಆ ಮರಳಲ್ಲಿ ಒಂದಷ್ಟು ಪೈಪಲ್ಲಿ ಬಂದದ್ದು. ಬೀಚ್ ಮೇಂಟೆನೆನ್ಸ್ ಮೋಡ್‌ನಲ್ಲಿದೆ. ಡ್ರೆಜಿಂಗ್ ತಡ ಆದರೆ, ಕಡಿಮೆ ಆದರೆ, ಒಂದೆರಡು ವರ್ಷದಲ್ಲಿ ದಡ ಒಳಗೆ ಸರಿಯತ್ತೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರ ಈ ಊರಿಗೇ ಬಡಿದಾಗ ಬೀಚ್ ರೋಡ್ ಬದಿ ಕಿತ್ತುಹೋಯಿತು. ಆಮೇಲೆ ಮರಳು ತುಂಬೋ ಕೆಲಸ ಮತ್ತೆ ಜೋರಾಗಿ ಶುರುವಾಯಿತು. ಕಡಲ್ಕೊರೆತ ಅಂದ್ರೆ ನಮ್ಮ ಮಂಗಳೂರು ಕಡೆಯವರಿಗೆ ಉಳ್ಳಾಲ ಕಣ್ಣ ಮುಂದೆ ಬರತ್ತೆ. ಅಳಿವೆ ಬಾಗಿಲ ಕಲ್ಲುಗೋಡೆ ಬಗ್ಗೆ ಅಲ್ಲೂ ವರ್ಷಗಟ್ಟಲೆ ವಾದ. ಇಲ್ಲಿ ಐತಿಹ್ಯದಲ್ಲೇ ಅದು ಸೇರಿಹೋಗಿದೆ. ಊರಿಗೆ ಹೆಸರು ಕೊಟ್ಟ ವೈಶಾಖೇಶ್ವರನ ಗುಡಿ ಸಮುದ್ರದ ಪಾಲಾಯಿತು ಅಂತ ಹೇಳ್ತಾರೆ.

ಲಾಸನ್ಸ್ ಬೇ ಹತ್ತಿರ ಪೆದ್ದ ಜಾಲಾರಿಪೇಟ ಇದೆ, ಜಾಲಾರಿ ಮೀನುಗಾರರ ಕೇರಿ. ಒಂದು ಭಾನುವಾರ ಅಲ್ಲಿ ಬಲೆ ಸರಿ ಮಾಡ್ತಿದ್ದ ಒಬ್ಬ ಹಿರಿಯರ ಹತ್ತಿರ ನನ್ನ ಅರ್ಧಂಬರ್ಧ ತೆಲುಗಲ್ಲಿ ಮಾತಾಡಿದೆ. ಚಿಕ್ಕವರಿದ್ದಾಗ ಬಲೆ ಒಣಗಿಸ್ತಿದ್ದ ಜಾಗ ತೋರಿಸಿ ಅಂದೆ. ಅವರು ಕೈ ಎತ್ತಿ ತೋರಿಸಿದ್ದು ನೀರಿನ ಕಡೆಗೆ. ನಾನು ರೂಮ್‌ಮೇಟ್ ಹೇಳಿಕೊಟ್ಟ ಓರೆ ಅಲೆಯ ಲೆಕ್ಕ ಹೇಳೋಕೆ ಹೋದೆ. ಅವರು ನಕ್ಕು, ಅದಕ್ಕೇನು ಓದಬೇಕಾ, ಮರಳು ಅತ್ತಲಿಂದ ಇತ್ತ ಬರತ್ತೆ ಅಂತ ನಮ್ಮ ಮನೆ ಮಕ್ಕಳಿಗೂ ಗೊತ್ತು ಅಂದರು.

ಫ್ಲಾಟಿನ ಪ್ರಶ್ನೆ. ಆ ಭಾನುವಾರದ ಹಿಂದಿನ ವಾರವೇ ನಾನೂ ಹೆಂಡತಿಯೂ ಒಂದು ಸೀ ವ್ಯೂ ಫ್ಲಾಟ್‌ಗೆ ಟೋಕನ್ ಕೊಡೋವರೆಗೂ ಹೋಗಿದ್ವಿ. ಬಾಲ್ಕನಿಯಿಂದ ಸಮುದ್ರ, ಕೆಳಗೆ ಬೀಚ್, ಎಲ್ಲ ಚೆಂದ. ನಾನು ಬ್ರೋಕರ್ ಹತ್ತಿರ ಎರಡು ವಿಷಯ ಕೇಳಿದೆ. ಈ ಜಾಗದ ಸಿಆರ್‌ಝಡ್ ನಕ್ಷೆಯಲ್ಲಿ ಹೈ ಟೈಡ್ ಲೈನ್ ಎಲ್ಲಿದೆ? ಹತ್ತು ವರ್ಷದ ಹಿಂದಿನ ಸ್ಯಾಟಲೈಟ್ ಚಿತ್ರದಲ್ಲಿ ಈ ಬೀಚ್ ಎಷ್ಟಗಲ ಇತ್ತು? ಮೊದಲನೆಯದಕ್ಕೆ "ಅಪ್ರೂವಲ್ ಎಲ್ಲ ಇದೆ ಸಾರ್" ಅಂದ. ಎರಡನೆಯದಕ್ಕೆ, ಬೀಚಿಗೂ ಫ್ಲಾಟಿಗೂ ಏನು ಸಂಬಂಧ ಅನ್ನೋ ಹಾಗೆ ನೋಡಿದ. ಹಳೆ ಸ್ಯಾಟಲೈಟ್ ಚಿತ್ರ ಯಾರು ಬೇಕಾದ್ರೂ ನೋಡಬಹುದು, ಫ್ರೀ. ನೀವು ನೋಡೋ ಜಾಗದ್ದು ಒಂದು ಸಂಜೆ ಕೂತು ವರ್ಷ ವರ್ಷ ಹಿಂದಕ್ಕೆ ಹೋಗಿ ನೋಡಿ. ಮುಂಗಾರಿನ ತಿಂಗಳಿಗೆ ಮುಂಗಾರಿನ ತಿಂಗಳನ್ನೇ ಹೋಲಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪತ್ತೆ. ಎಲ್ಲ ಕಡೆ ದಡ ಹಿಂದೆ ಸರಿಯುತ್ತಿಲ್ಲ. ಬಂಡೆ ಇರೋ ಕಡೆ, ಕೊಲ್ಲಿಯ ಒಳಗೆ, ಬೇರೆ ಬೇರೆ ಕಥೆ. ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ನಾವಿನ್ನೂ ಮಧುರವಾಡದ ಬಾಡಿಗೆ ಮನೆಯಲ್ಲೇ ಇದ್ದೀವಿ, ಸಮುದ್ರ ಕಾಣಲ್ಲ.

ನನ್ನ ತಲೆಯಲ್ಲಿ ಕೊರೀತಾ ಇರೋದು ಇನ್ನೊಂದು. ಕಂಪನಿಗೆ ಗೋದಾಮು ಬೇಕಾದಾಗ ಒನ್ ಟೌನ್, ಸಾಹೇಬರಿಗೆ ಗಾಳಿ ಬೇಕಾದಾಗ ವಾಲ್ಟೇರ್, ರೈಲ್ವೆಗೆ ಅದಿರು ಸಾಗಿಸಬೇಕಾದಾಗ ಬಂದರು. ಈಗ ನಮಗೆ ಲ್ಯಾಪ್‌ಟಾಪ್ ಇಡೋಕೆ ಗುಡ್ಡ ಬೇಕು, ಋಷಿಕೊಂಡ, ಮಧುರವಾಡ. ಹೊರಗಿಂದ ಬಂದವರ ಅಗತ್ಯಕ್ಕೆ ತಕ್ಕ ಹಾಗೆ ಊರಿನ ನಡುಮಧ್ಯ ಜಾಗ ಬದಲಿಸಿದೆ. ಈ ಸಲ ಹೊರಗಿಂದ ಬಂದವರು ನಾವು. ಗುಡ್ಡಗಳನ್ನ ಮಟ್ಟ ಮಾಡುವಾಗ ಕೆಂಪು ಮಣ್ಣು ಮಳೆಗೆ ಇಳಿದು ಹೋಗೋದು ನಮ್ಮ ಗೇಟಿನಿಂದಲೇ ಕಾಣತ್ತೆ. ಅದು ಎಲ್ಲಿ ಹೋಗಿ ಕೂರತ್ತೆ ಅಂತ ಆ ಜಾಲಾರಿ ಹಿರಿಯರನ್ನ ಇನ್ನೊಮ್ಮೆ ಕೇಳಬೇಕು.

ಒನ್ ಟೌನ್ ನೋಡೋಕೆ ಹೋಗೋದಾದ್ರೆ ಕಾರ್ ಬೇಡ, ಬೀದಿ ಕಿರಿದು. ಸಿಟಿ ಬಸ್ ಬೋರ್ಡ್ ಮೇಲೆ ಓ.ಎಚ್.ಪಿ.ಓ. ಅಂತ ಇದ್ದರೆ ಹತ್ತಿ. ಓಲ್ಡ್ ಹೆಡ್ ಪೋಸ್ಟ್ ಆಫೀಸ್, ಅದೇ ಹಳೆ ಊರು. ಆಟೋದವರು "ಅಕ್ಕಡ ಏಮುಂದಿ ಸಾರ್" ಅಂತ ಕೇಳ್ತಾರೆ, ನನಗೂ ಕೇಳಿದರು. ಬೆಳಿಗ್ಗೆ ಬೇಗ ಹೋದರೆ ಮೊದಲು ಫಿಶಿಂಗ್ ಹಾರ್ಬರ್‌ನ ಹರಾಜು ನೋಡಿಕೊಂಡು, ಬಿಸಿಲೇರೋದರೊಳಗೆ ಕುರುಪಾಂ ಮಾರ್ಕೆಟ್ ಕಮಾನು, ಟೌನ್ ಹಾಲ್, ಕೋಟವೀಧಿ ಸುತ್ತಬಹುದು. ಕೊನೆಗೆ ರಾಸ್ ಹಿಲ್ ಹತ್ತಿ, ಚರ್ಚಿನ ಅಂಗಳದಿಂದ ಚಾನೆಲ್ ಕಾಣತ್ತೆ. ನಾನು ಹೋದ ದಿನ ಒಂದು ಅದಿರಿನ ಹಡಗು ಒಳಗೆ ಬರ್ತಿತ್ತು, ಅದಕ್ಕೆ ದಾರಿ ಬಿಟ್ಟು ಡ್ರೆಜರ್ ಪಕ್ಕಕ್ಕೆ ನಿಂತಿತ್ತು. ಹಡಗು ಹೋದ ಮೇಲೆ ಮತ್ತೆ ಕೆಲಸ ಶುರು ಮಾಡಿತು.